ಕ್ಯಾಂಡಿಡೇಟಿನ ಬಿಳಿ ಬಟ್ಟೆ

ಪ್ರಶ್ನೆ: ನೆಂಟರ ಮದುವೆಗೆ ‘ಕ್ಯಾಂಡಿಡ್ ಫೋಟೋ’ದವರು ಬಂದಿದ್ದರು. ಮಗಳ ಹಾಲ್ ಟಿಕೆಟಿನಲ್ಲಿ ಅವಳು ‘ಕ್ಯಾಂಡಿಡೇಟ್’. ಓಟಿಗೆ ನಿಂತವರೂ ಕ್ಯಾಂಡಿಡೇಟ್. ಇವಕ್ಕೆಲ್ಲ ಸಂಬಂಧ ಉಂಟಾ, ಸುಮ್ನೆ ಹಾಗೆ ಕೇಳಿಸುವುದಾ?
– ಓದುಗರು, ಬದಿಯಡ್ಕ

ಉತ್ತರ: ಸಂಬಂಧ ಉಂಟು, ಅದೂ ಬಟ್ಟೆಯ ಮೂಲಕ. ಲ್ಯಾಟಿನ್ನಿನಲ್ಲಿ ‘ಕ್ಯಾಂಡಿಡಸ್’ ಅಂದರೆ ಫಳಫಳ ಹೊಳೆಯುವ ಬಿಳಿ. ಮಂಕು ಬಿಳಿಗೆ ‘ಆಲ್ಬಸ್’ ಅಂತ ಬೇರೆಯೇ ಶಬ್ದ ಇತ್ತು. ಹಳೆಯ ರೋಮಿನಲ್ಲಿ ಚುನಾವಣೆಗೆ ನಿಲ್ಲುವವರು ‘ಟೋಗಾ’ ಎಂಬ ಉಣ್ಣೆಯ ಹೊದಿಕೆಗೆ ಸೀಮೆಸುಣ್ಣ ತಿಕ್ಕಿ, ಅದನ್ನು ಹೊದ್ದು, ಜನ ಸೇರುವ ಚೌಕದಲ್ಲಿ ಸಿಕ್ಕಿದವರ ಕೈ ಹಿಡಿದು ಓಟು ಕೇಳುತ್ತಿದ್ದರು. ಪಕ್ಕದಲ್ಲೇ ಒಬ್ಬ ಗುಲಾಮ ಇರುತ್ತಿದ್ದ. ಎದುರು ಬರುವವರ ಹೆಸರನ್ನು ಧಣಿಯ ಕಿವಿಯಲ್ಲಿ ಹೇಳಿಕೊಡುವುದೇ ಅವನ ಕೆಲಸ! ಹೀಗೆ ಬಿಳಿ ತೊಟ್ಟು ಬಂದವನು ‘ಕ್ಯಾಂಡಿಡಾಟಸ್’. ಗಂಜಿ ಹಾಕಿದ ಬಿಳಿ ಮುಂಡು ಉಟ್ಟು ಅಂಗಳಕ್ಕೆ ಬರುವವರನ್ನು ಕಂಡ ನಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. 2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದ ಫಲಿತಾಂಶ ಬರೀ 89 ಓಟಿನಲ್ಲಿ ನಿರ್ಧಾರವಾಯಿತಲ್ವಾ, ಹಾಗಿರುವಾಗ ಒಂದು ಅಂಗಳವನ್ನೂ ಬಿಡುವ ಹಾಗಿಲ್ಲ.

ಹೀಗೆ ಓಟಿಗಾಗಿ ಸುತ್ತುವುದಕ್ಕೆ ಅವರು ‘ಆಂಬಿಷಿಯೋ’ ಅನ್ನುತ್ತಿದ್ದರು. ಈಗಿನ ‘ಆಂಬಿಷನ್’ ಅದೇ. ಓಟಿಗೆ ದುಡ್ಡು ಹಂಚುವ ಅಪರಾಧಕ್ಕೂ ಅದೇ ಬೇರಿನ ಹೆಸರು, ‘ಆಂಬಿಟಸ್’. ಕ್ರಿ.ಪೂ. 63ರಲ್ಲಿ ರೋಮಿನ ನಾಯಕ ಸಿಸೆರೋ ತಂದ ಕಾನೂನಿನಲ್ಲಿ ಇದಕ್ಕೆ 10 ವರ್ಷ ಗಡೀಪಾರು.

ಆಮೇಲೆ ಹುದ್ದೆಯೋ ಪದವಿಯೋ ಬೇಕೆಂದು ಬಂದವರೆಲ್ಲ ಕ್ಯಾಂಡಿಡೇಟುಗಳೇ ಆದರು. ನಿಮ್ಮ ಮಗಳ ಹಾಲ್ ಟಿಕೆಟಿಗೆ ಶಬ್ದ ಬಂದದ್ದು ಹಾಗೆ, ಬಿಳಿ ಬಟ್ಟೆ ಹಾಕಬೇಕಾಗಿಲ್ಲ.

‘ಕ್ಯಾಂಡಿಡ್’ ಕೂಡ ಇಂಗ್ಲಿಷಿನಲ್ಲಿ ಮೊದಲು ಬಿಳಿ, ಆಮೇಲೆ ಕಲೆಯಿಲ್ಲದ್ದು, ಕೊನೆಗೆ ಮುಚ್ಚುಮರೆ ಇಲ್ಲದ್ದು. ಪೋಸು ಕೊಡದೆ ತೆಗೆದ ಫೋಟೋಕ್ಕೆ ಅದು ಅಂಟಿಕೊಂಡದ್ದು 1920ರ ದಶಕದ ಕೊನೆಗೆ. ಈಗ ‘ಆಚೆ ನೋಡಿ, ಇನ್ನೊಮ್ಮೆ ನಗಿ’ ಅಂತ ಮೂರು ಸಲ ನಗಿಸಿ ಅದನ್ನು ಕ್ಯಾಂಡಿಡ್ ಅನ್ನುತ್ತಾರೆ, ಇರಲಿ.

ಕ್ಯಾಂಡಲ್ ಇದೇ ಮನೆಯದು. ಇನ್ನೊಂದು ಮಜಾ ಏನೆಂದರೆ, ‘ಹೊಳೆಯುವುದು’ ಎಂಬ ಅರ್ಥದ ಅದೇ ಹಳೇ ಬೇರಿನಿಂದ ಸಂಸ್ಕೃತದಲ್ಲಿ ನಮ್ಮ ‘ಚಂದ್ರ’ ಹುಟ್ಟಿದ್ದಾನೆ. ಆದರೆ ಮಕ್ಕಳು ಚೀಪುವ ಕ್ಯಾಂಡಿಯನ್ನು ಇಲ್ಲಿಗೆ ಸೇರಿಸಬೇಡಿ. ಅದು ಸಂಸ್ಕೃತದ ‘ಖಂಡ’, ಅಂದರೆ ಸಕ್ಕರೆಯ ತುಂಡು. ಪರ್ಷಿಯನ್, ಅರಬ್ಬಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋದದ್ದು.

ನಮ್ಮೂರ ಗೋಡೆಗಳ ಮೇಲೆ ಕನ್ನಡದ ‘ಅಭ್ಯರ್ಥಿ’, ಮಲಯಾಳದ ‘ಸ್ಥಾನಾರ್ಥಿ’ ಎರಡೂ ಕಾಣುತ್ತವಲ್ವಾ? ಒಂದರ ಅರ್ಥ ‘ಬೇಡುವವನು’, ಇನ್ನೊಂದರದ್ದು ‘ಸ್ಥಾನ ಬೇಕು ಅನ್ನುವವನು’. ಬಟ್ಟೆಯ ಸುದ್ದಿ ಎರಡರಲ್ಲೂ ಇಲ್ಲ.