ಬೆಟ್ಟದ ಮೇಲಿನ ಮನೆ, ಬೆಂಕಿ ಮತ್ತು ಮಾರ್ಕ್ಸ್ ಕಾರ್ಡ್

"ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಬೆಟ್ಟದಲ್ಲಿ ಬಾಡಿಗೆಗೆ ಮನೆ ನೋಡಿದ್ದೇವೆ, ಕಾಡ್ಗಿಚ್ಚು ಬಂದರೆ ಮನೆ ಬಿಟ್ಟು ಓಡಬೇಕಂತೆ, ನಿಜವಾ ಅಕ್ಕ?" ಅಂತ ಕೇಳಿದ್ದೀರಿ. ನಿಜ. ನಾವು ಅಲ್ಲೇ ಹತ್ತಿರದ ಸ್ಕಾಟ್ಸ್ ವ್ಯಾಲಿಯಲ್ಲಿದ್ದೇವೆ. 2020ರ ಆಗಸ್ಟ್‌ನಲ್ಲಿ ಮನೆಗೆ ಬೀಗ ಹಾಕಿ ಹೊರಟವರೇ.

ಆಗಸ್ಟ್ 16ರ ಬೆಳಗಿನ ಜಾವ ಸಿಡಿಲೋ ಸಿಡಿಲು, ಮಳೆ ಮಾತ್ರ ಇಲ್ಲ. ಅದರಿಂದ ಹತ್ತಿದ ಬೆಂಕಿ 86,000 ಎಕರೆಗೂ ಜಾಸ್ತಿ ಕಾಡು ಸುಟ್ಟಿತು. ಬಿಗ್ ಬೇಸಿನ್‌ನ ರೆಡ್‌ವುಡ್ ಮರಗಳನ್ನೂ ಬಿಡಲಿಲ್ಲ. ಬೌಲ್ಡರ್ ಕ್ರೀಕ್, ಬಾನಿ ಡೂನ್ ಕಡೆ ಎಷ್ಟೋ ಮನೆ ಹೋದವು. ನಮ್ಮ ಮನೆ ಉಳಿಯಿತು. ಆದರೆ ಕಾರಿನ ಗಾಜಿನ ಮೇಲೆ ಸುಟ್ಟ ಎಲೆಗಳು ಬಂದು ಬೀಳುತ್ತಿದ್ದವು, ನರ ಎಲ್ಲಾ ಹಾಗೇ ಕಾಣುತ್ತಿತ್ತು, ಮುಟ್ಟಿದರೆ ಪುಡಿ. ಬೆಂಕಿ ಎಷ್ಟೋ ಮೈಲಿ ದೂರದಲ್ಲಿದೆ ಅಂತ ಸುಮ್ನೆ ಕೂರಬೇಡಿ. ಅದಕ್ಕಿಂತ ಮೊದಲು ಗಾಳಿಯಲ್ಲಿ ಕಿಡಿ ಬರುತ್ತದೆ. ಸೂರಿನಂಚಿನ ಮಳೆನೀರಿನ ಗಟರ್‌ನಲ್ಲಿ ತುಂಬಿದ ಒಣ ಎಲೆ, ಬಾಗಿಲ ಮುಂದಿನ ನಾರಿನ ಮ್ಯಾಟ್, ಅದಕ್ಕೆ ಇಷ್ಟೇ ಸಾಕು.

ಇಲ್ಲಿ ಮೊದಲು, ಹೊರಡಲು ಸಿದ್ಧವಾಗಿ ಅಂತ ವಾರ್ನಿಂಗ್ ಕೊಡುತ್ತಾರೆ, ಆಮೇಲೆ ಆರ್ಡರ್. ಆರ್ಡರ್ ಅಂದರೆ ಈಗಲೇ ಹೊರಡಿ ಅಂತ. ಒಮ್ಮೆ ರಸ್ತೆ ಮುಚ್ಚಿದರೆ, ಏನೋ ಮರೆತೆ ಅಂದರೂ ಒಳಗೆ ಬಿಡುವುದಿಲ್ಲ. ಕೆಲವೊಮ್ಮೆ ವಾರ್ನಿಂಗ್ ಇಲ್ಲದೆ ನೇರವಾಗಿ ಆರ್ಡರ್ರೇ ಬರಬಹುದು. ನನ್ನ ಮಾತು ಕೇಳುವುದಾದರೆ, ವಾರ್ನಿಂಗ್ ಬಂದಾಗಲೇ ಹೊರಟುಬಿಡಿ. 2018ರ ನವೆಂಬರ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು, ಅದರ ಸುತ್ತಮುತ್ತ ಕಾಡ್ಗಿಚ್ಚಿಗೆ 85 ಜನ ಸತ್ತರು. ಊರಿಗೆ ಊರೇ ಒಟ್ಟಿಗೆ ಹೊರಟು ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ನೀವು ಹೇಳಿದ ಜಾಗದಲ್ಲೂ ರಸ್ತೆ ಕಿರಿದು, ತಿರುವು ಜಾಸ್ತಿ. ಮನೆ ನೋಡಲು ಹೋದಾಗ ಅಡುಗೆಮನೆ ಆಮೇಲೆ ನೋಡಿ, ಹೊರಗೆ ಹೋಗಲು ಎರಡನೇ ದಾರಿ ಇದೆಯಾ ಅಂತ ಮೊದಲು ನೋಡಿ. ಒಂದೇ ದಾರಿಯಾದರೆ, ಬಾಡಿಗೆ ಎಷ್ಟೇ ಕಮ್ಮಿಯಿದ್ದರೂ ಬೇಡ ಅನ್ನುತ್ತೇನೆ.

ಏನು ತೆಗೆದುಕೊಂಡು ಹೋಗಬೇಕು ಅಂದಿರಿ. ಅಮೆರಿಕದವರು ಕೊಡುವ ಪಟ್ಟಿಯಲ್ಲಿ ನೀರು, ಔಷಧಿ, ಟಾರ್ಚ್, ಎನ್95 ಮಾಸ್ಕ್ ಎಲ್ಲಾ ಇರುತ್ತದೆ. ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಚಿಂತೆ ಕಾಗದಪತ್ರ. ಪಾಸ್‌ಪೋರ್ಟ್, ಐ-797 (ಇಮಿಗ್ರೇಷನ್ ಇಲಾಖೆಯ ನೋಟಿಸ್), ಮದುವೆ ಸರ್ಟಿಫಿಕೇಟ್, ಮಕ್ಕಳ ಬರ್ತ್ ಸರ್ಟಿಫಿಕೇಟ್, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು), ಡಿಗ್ರಿ ಮಾರ್ಕ್ಸ್ ಕಾರ್ಡ್. ಟಿವಿ ಸುಟ್ಟರೆ ಇನ್ನೊಂದು ತರಬಹುದು. ಇಲ್ಲಿ ಕೂತು ಬೆಳಗಾವಿಯ ವಿಟಿಯು ಯೂನಿವರ್ಸಿಟಿಯಿಂದ ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡ್ ತರಿಸುವುದನ್ನು ಸುಮ್ನೆ ಯೋಚನೆ ಮಾಡಿ! ಎಲ್ಲವನ್ನೂ ಒಂದೇ ಬ್ಯಾಗಿನಲ್ಲಿಟ್ಟು ಬಾಗಿಲ ಹತ್ತಿರ ಇಡಿ. ಸ್ಕ್ಯಾನ್ ಮಾಡಿ ಊರಲ್ಲಿರುವ ತಮ್ಮನಿಗೋ ತಂಗಿಗೋ ಕಳಿಸಿಡಿ. ಒಡವೆ ಬ್ಯಾಂಕ್ ಲಾಕರ್‌ನಲ್ಲಿರಲಿ.

ಮನೆಯಲ್ಲಿ ದೊಡ್ಡವರಿದ್ದರೆ ಇನ್ನೂ ಬೇಗ ಹೊರಡಬೇಕು. ಆ ವರ್ಷ ಅತ್ತೆ ನಮ್ಮ ಜೊತೆಗಿದ್ದರು. ಕೋವಿಡ್‌ನಿಂದ ವಿಮಾನ ನಿಂತು ಊರಿಗೆ ಹೋಗಲಾಗಿರಲಿಲ್ಲ. ನಾವು ಹೊರಟ ಮಾರನೇ ದಿನ ಗೌರಿ ಹಬ್ಬ. ಬಾಗಿನದ ಸಾಮಾನೆಲ್ಲ ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡಿತ್ತು. ದೇವರ ಫೋಟೊ ತೆಗೆದುಕೊಂಡರು, ಸರಿ. ಹೆಪ್ಪಿನ ಡಬ್ಬಿಯನ್ನೂ ಬಿಡಲಿಲ್ಲ! ಸನಿವೇಲ್‌ನಲ್ಲಿ ಸ್ನೇಹಿತರ ಮನೆಯಲ್ಲೇ ಹಬ್ಬ ಆಯಿತು, ಮೊಸರೂ ಆಯಿತು. ನಿಮ್ಮ ಅಪ್ಪ ಅಮ್ಮನನ್ನು ಕರೆಸುವುದಾದರೆ ಏಪ್ರಿಲ್, ಮೇ ಒಳ್ಳೆಯದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆಂಕಿಯಿಲ್ಲದಿದ್ದರೂ ಹೊಗೆ ಬರಬಹುದು.

ಗ್ಯಾರೇಜ್ ಬಾಗಿಲು ಕರೆಂಟ್ ಇಲ್ಲದೆ ತೆಗೆಯುವುದನ್ನು ಈಗಲೇ ಕಲಿಯಿರಿ. ಮೇಲೆ ಕೆಂಪು ಹಗ್ಗ ನೇತಾಡುತ್ತಿರುತ್ತದೆ. ಅದನ್ನೆಳೆದು ಬಾಗಿಲನ್ನು ಕೈಯಿಂದ ಎತ್ತಬೇಕು, ಭಾರ ಇರುತ್ತದೆ. ಕರೆಂಟ್ ಹೋದಾಗ ಬಾಗಿಲು ತೆಗೆಯಲಾಗದೆ 2017ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳಲ್ಲಿ ಜನ ಸತ್ತ ಮೇಲೆ, 2019ರಿಂದ ಹೊಸ ಓಪನರ್‌ಗಳಿಗೆ ಬ್ಯಾಟರಿ ಕಡ್ಡಾಯ ಮಾಡಿದ್ದಾರೆ. ಬಾಡಿಗೆ ಮನೆಯಲ್ಲಿ ಹಳೆಯದೇ ಇದ್ದರೂ ಇರಬಹುದು.

ಇನ್ನೊಂದು, ರೆಂಟರ್ಸ್ ಇನ್ಶೂರೆನ್ಸ್. ಮನೆ ಓನರ್ ಇನ್ಶೂರೆನ್ಸ್ ನಿಮ್ಮ ಸಾಮಾನಿಗೆ ದುಡ್ಡು ಕೊಡುವುದಿಲ್ಲ. ಆರ್ಡರ್ ಬಂದು ಹೊರಗಿದ್ದಾಗಿನ ಹೋಟೆಲ್ ಖರ್ಚು ಕೊಡುತ್ತಾರಾ ಅಂತ ಸಹಿ ಹಾಕುವ ಮೊದಲೇ ಕೇಳಿ. ಫೋನಿನಲ್ಲಿ ಪ್ರತಿ ರೂಮಿನ ವಿಡಿಯೊ ಮಾಡಿಟ್ಟುಕೊಳ್ಳಿ, ಕಪಾಟು ತೆಗೆದು ಒಳಗಿನದೂ ಕಾಣುವ ಹಾಗೆ. ಕೌಂಟಿಯ ಅಲರ್ಟ್‌ಗೆ ನಿಮ್ಮ ನಂಬರ್ ಕೊಡಿ, ಆರ್ಡರ್ ಕೊಡಲು ಮಾಡಿದ ಝೋನ್‌ಗಳಲ್ಲಿ ನಿಮ್ಮ ಮನೆ ಯಾವುದರಲ್ಲಿದೆ ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿ. ಮನೆಯ ವಿಳಾಸ ನನಗೆ ಮೆಸೇಜ್ ಮಾಡಿ. ಆ ರಸ್ತೆಗಳು ನನಗೆ ಗೊತ್ತು, ದಾರಿ ಹೇಗಿದೆ ಅಂತ ಹೇಳುತ್ತೇನೆ.