ಎರಡನೇ ಮಹಡಿಯ ನೋಟ್‌ಬುಕ್

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನ್ನ ಮಗಳು, ಅಳಿಯ ಅಮೆರಿಕದ ನಾರ್ತ್ ಕೆರೊಲಿನಾದ ಆಶ್‌ವಿಲ್ ಊರಿನಲ್ಲಿದ್ದಾರೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದಾಗ ನಾಲ್ಕು ದಿನ ಅವರ ಸುದ್ದಿಯೇ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನವರು ವಾಟ್ಸಾಪ್ ಗ್ರೂಪ್ ಮಾಡಿದರು. ಒಂದು ಹೋಗಿ ಐದಾಯಿತು. ದಿನಕ್ಕೆ ನೂರಾರು ಮೆಸೇಜು. ಹಳೇ ವಿಡಿಯೊ, ದೇವರ ಫೋಟೊ, ಸುಳ್ಳು ಸುದ್ದಿ. ಯಾರೋ ಹಳೇ ಸ್ವೆಟರ್ ಒಟ್ಟುಮಾಡಲು ಬೇರೆ ಹೊರಟರು. ಎರಡನೇ ಮಹಡಿಯ ಹಿರಿಯ ಹೆಂಗಸೊಬ್ಬರು ನೋಟ್‌ಬುಕ್ ಹಿಡಿದು ಎಲ್ಲರ ಹೆಸರು ಬರೆದುಕೊಳ್ಳುತ್ತಾ ಕೂತಿದ್ದರು. ಕೊನೆಗೆ ಅದೇ ರಾಜ್ಯದ ಶಾರ್ಲೆಟ್ ನಗರದ ಯಾರೋ ಪರಿಚಯದವರಿಂದ ಮಗಳ ಸುದ್ದಿ ಬಂತು. ಈಗ ಮತ್ತೆ ಚಂಡಮಾರುತದ ಸೀಸನ್. ಮತ್ತೆ ಗ್ರೂಪ್ ಮಾಡೋಣ ಅಂತಿದ್ದಾರೆ. ಭೂಮಿಯ ಆ ಕಡೆ ಇರುವ ಊರಿಗೆ ವಿಜಯನಗರದಲ್ಲಿ ಕೂತು ನಾವೇನು ಮಾಡಲು ಸಾಧ್ಯ? ಇದೆಲ್ಲ ಸರ್ಕಾರದ, ರಾಯಭಾರ ಕಚೇರಿಯ ಕೆಲಸ ಅಲ್ವಾ? ಸುಮ್ಮನಿರುವುದೇ ವಾಸಿ ಅಲ್ಲವೇ?

— ಓದುಗರು, ವಿಜಯನಗರ, ಬೆಂಗಳೂರು (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆಮೇಲೆ ನಿಮಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಆದರೂ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. ಬೆಂಗಳೂರಿನ ಯಾವ ಬೀದಿಗೆ ಹೋದರೂ ಮಗನೋ ಮಗಳೋ ದೂರದೇಶದಲ್ಲಿರುವ ಒಂದು ಮನೆ ಇದ್ದೇ ಇರುತ್ತದೆ. ಅಲ್ಲಿ ಗಾಳಿ ಎದ್ದರೆ ಇಲ್ಲಿ ರಾತ್ರಿಯೆಲ್ಲ ಲೈಟ್ ಉರಿಯುತ್ತದೆ.

ನಿಮ್ಮ ಮಾತಿನಲ್ಲಿ ಸರಿಯಾಗಿರುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಸರ್ಕಾರ ಮಾಡುವ ಕೆಲಸವನ್ನು ಜನ ಮಾಡಲಾಗುವುದಿಲ್ಲ. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಬಂದ ಸೂಪರ್ ಸೈಕ್ಲೋನಿನಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಅದೇ ಕರಾವಳಿಗೆ ಫೈಲಿನ್ ಬಂದಾಗ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸಾವು ಐವತ್ತನ್ನು ದಾಟಲಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆ, ಆಶ್ರಯ ಕಟ್ಟಡ, ಬಸ್ಸು, ಪೊಲೀಸು, ಇದನ್ನೆಲ್ಲ ಯಾವ ವಾಟ್ಸಾಪ್ ಗ್ರೂಪೂ ಮಾಡಲಾರದು. ಸರಿ.

ಆದರೆ 'ಸುಮ್ಮನಿರುವುದೇ ವಾಸಿ' ಅಂದಿರಲ್ಲ, ಅದನ್ನು ನಾನು ಒಪ್ಪಲಾರೆ. ಒಪ್ಪಬಾರದು ಎಂಬುದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಎರಡನೇ ಮಹಡಿಯ ಹಿರಿಯ ಹೆಂಗಸು ಮತ್ತು ಅವರ ನೋಟ್‌ಬುಕ್.

ಫೋನಿನಲ್ಲಿ ನಾನು ಕೆದಕಿ ಕೆದಕಿ ಕೇಳಿದ್ದು ಅದನ್ನೇ. ನೀವು ಹೇಳುತ್ತಾ ಹೋದ ಹಾಗೆ ನಿಮಗೂ ಆಶ್ಚರ್ಯವಾಯಿತು. ಆಕೆ ಮೊದಲ ದಿನವೇ ಲಿಫ್ಟ್ ಪಕ್ಕ ಕುರ್ಚಿ ಹಾಕಿಕೊಂಡು ಕೂತರಂತೆ. ಬಂದವರನ್ನೆಲ್ಲ ಕೇಳಿದ್ದು ಒಂದೇ ಪ್ರಶ್ನೆ: 'ಅಮೆರಿಕದಲ್ಲಿ ನಿಮ್ಮವರು ಯಾರಿದ್ದಾರೆ, ಯಾವ ಊರು?' ಮೂರನೇ ಬ್ಲಾಕಿನವರ ಅಕ್ಕನ ಮಗ ಶಾರ್ಲೆಟ್‌ನಲ್ಲಿ ಇದ್ದಾನೆ ಅಂತ ಗೊತ್ತಾಗಿದ್ದು ಹಾಗೆ. ರಾತ್ರಿ ಹನ್ನೊಂದಕ್ಕೆ ಅವನಿಗೆ ಫೋನ್ ಹೋಯಿತು. ಅವನ ಆಫೀಸಿನವರೊಬ್ಬರು ಕಾರಿನಲ್ಲಿ ನೀರಿನ ಕ್ಯಾನು ತುಂಬಿಕೊಂಡು ಆಶ್‌ವಿಲ್ ಕಡೆ ಹೊರಟಿದ್ದರು. ಅವರ ಕೈಗೆ ನಿಮ್ಮ ಮಗಳ ಮನೆ ವಿಳಾಸ ಸೇರಿತು. ಅವರು ಸುತ್ತುದಾರಿ ಹಿಡಿದು ಹೋಗಿ ಬಾಗಿಲು ತಟ್ಟಿದರು. ನಿಮ್ಮ ಮಗಳೇ ಬಾಗಿಲು ತೆಗೆದಳು. ಆ 'ಯಾರೋ ಪರಿಚಯದವರು' ಆಕಾಶದಿಂದ ಉದುರಲಿಲ್ಲ. ಆ ನೋಟ್‌ಬುಕ್ಕಿನಿಂದ ಬಂದರು. ಎರಡು ಸಂಗತಿಯನ್ನೂ ಒಂದೇ ಪತ್ರದಲ್ಲಿ ಬರೆದು, ಎರಡಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಬಿಟ್ಟಿದ್ದೀರಿ. ನನ್ನ ತಕರಾರು ಇರುವುದು ಇಲ್ಲಿ.

ಆ ದಿನಗಳಲ್ಲಿ ಆಶ್‌ವಿಲ್ ಹೇಗಿತ್ತು ಅನ್ನುವುದನ್ನು ಬೇರೆ ಓದುಗರಿಗೂ ಹೇಳಬೇಕು. ಅದು ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಬೆಟ್ಟದೂರು. ನಮ್ಮ ಮಡಿಕೇರಿ ಅಂದುಕೊಳ್ಳಿ. ಚಂಡಮಾರುತ ಅಲ್ಲಿಯವರೆಗೆ ಬರುತ್ತದೆ ಅಂತ ಯಾರ ಮನಸ್ಸಿನಲ್ಲಿತ್ತು? ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಫ್ಲಾರಿಡಾದ ದಡ ಮುಟ್ಟಿತು. ಮಾರನೇ ದಿನ ಈ ಬೆಟ್ಟಗಳ ಮೇಲೆ ಮಳೆ ಸುರಿದು ನದಿಗಳು ಉಕ್ಕಿದವು. ಕರೆಂಟ್ ಹೋಯಿತು, ಮೊಬೈಲ್ ಟವರ್ ಸತ್ತವು, ಹೆದ್ದಾರಿ ಕೊಚ್ಚಿಹೋಯಿತು. ಕೆಲವು ಹಳ್ಳಿಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೊತ್ತೊಯ್ದರು. ಆಶ್‌ವಿಲ್‌ನ ನಲ್ಲಿಯಲ್ಲಿ ಮತ್ತೆ ಕುಡಿಯುವ ನೀರು ಬರಲು ನವೆಂಬರ್ 18ರವರೆಗೆ ಕಾಯಬೇಕಾಯಿತು. ಅಂಥ ಕಡೆಯಿಂದ ನಿಮ್ಮ ಮಗಳು ಫೋನ್ ಮಾಡಲಿಲ್ಲ ಅಂದರೆ ಅವಳಿಗೆ ಏನೋ ಆಗಿದೆ ಅಂತಲ್ಲ, ಫೋನಿಗೆ ಆಗಿದೆ ಅಂತ. ಈ ಒಂದು ಮಾತನ್ನು ಮೊದಲ ದಿನವೇ ಯಾರಾದರೂ ನಿಮಗೆ ಸಮಾಧಾನವಾಗಿ ಹೇಳಿದ್ದರೆ ಆ ನಾಲ್ಕು ರಾತ್ರಿ ಸ್ವಲ್ಪವಾದರೂ ನಿದ್ದೆ ಬರುತ್ತಿತ್ತು. ಹೇಳುವ ಬದಲು ಗ್ರೂಪಿನಲ್ಲಿ ಅಣೆಕಟ್ಟು ಒಡೆದ ಯಾವುದೋ ದೇಶದ ವಿಡಿಯೊ ಹಾಕಿದರು. ಅಮೆರಿಕದ ಪರಿಹಾರ ಸಂಸ್ಥೆ ಫೀಮಾ ಆ ಸಲ ಸುಳ್ಳು ಸುದ್ದಿಗೆ ಉತ್ತರ ಕೊಡುವುದಕ್ಕೆಂದೇ ಬೇರೆ ಪುಟ ತೆರೆಯಬೇಕಾಯಿತು.

ಅದೇ ಬೆಟ್ಟಗಳಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಮೌಂಟ್ ಮಿಚೆಲ್ ಅಂತ ಒಂದು ಶಿಖರ ಇದೆ. ಅದರ ಮೇಲಿನ ಹ್ಯಾಮ್ ರೇಡಿಯೊ ರಿಪೀಟರ್, ಅಂದರೆ ಹವ್ಯಾಸಿಗಳ ರೇಡಿಯೊ ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ಯಂತ್ರ, ಕೆಡಲಿಲ್ಲ. ಹವ್ಯಾಸಕ್ಕೆ ರೇಡಿಯೊ ಇಟ್ಟುಕೊಂಡವರು ಅದರ ಮೂಲಕ ಹಗಲೂ ರಾತ್ರಿ ಕೂತು 'ಇಂಥ ರಸ್ತೆಯ ಇಂಥ ಮನೆಯವರು ಕ್ಷೇಮ', 'ಇಂಥವರಿಗೆ ಔಷಧಿ ಬೇಕು' ಅಂತ ಒಬ್ಬರಿಂದೊಬ್ಬರಿಗೆ ದಾಟಿಸಿದರು. ನಿಮ್ಮ ಎರಡನೇ ಮಹಡಿಯಮ್ಮ ಮಾಡಿದ್ದೂ ಇದೇ ಕೆಲಸ. ಅವರ ಹತ್ತಿರ ರೇಡಿಯೊ ಇರಲಿಲ್ಲ, ಅಷ್ಟೆ.

ನಾವು ಪರಿಹಾರ ಅಂದರೆ ಲಾರಿ ಅಂದುಕೊಂಡಿದ್ದೇವೆ. ಅಕ್ಕಿ, ಬೆಡ್‌ಶೀಟು, ಹಳೇ ಬಟ್ಟೆ. ಸುದ್ದಿಯೂ ಪರಿಹಾರವೇ, ಎಲ್ಲಕ್ಕಿಂತ ಮೊದಲ ಪರಿಹಾರ ಅದೇ ಅಂತ ನಮಗೆ ಹೊಳೆಯುವುದಿಲ್ಲ. ಸುದ್ದಿ ಸರಿಯಿಲ್ಲದಿದ್ದರೆ ಲಾರಿಯೂ ದಾರಿ ತಪ್ಪುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾನೂ ಬೆಂಗಳೂರಿನಿಂದ ಒಂದು ಲಾರಿಯ ಜೊತೆ ಹೋಗಿದ್ದೆ. ನಮ್ಮ ಬಡಾವಣೆಯವರು ಮೂರೇ ದಿನದಲ್ಲಿ ತುಂಬಿಸಿಕೊಟ್ಟಿದ್ದ ಲಾರಿ. ಕುಶಾಲನಗರದ ಹತ್ತಿರ ಒಂದು ಹಾಲ್‌ನಲ್ಲಿ ಇಳಿಸಿ ಅಂದರು. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಕಿಟಕಿಯ ಎತ್ತರಕ್ಕೆ ಬಟ್ಟೆ ಬಿದ್ದಿತ್ತು. ಮಳೆ ಹನಿದು ಅಡಿಯದು ಮುಗ್ಗಲು ಹಿಡಿದಿತ್ತು. ಜರಿ ಕಿತ್ತುಹೋದ ಮದುವೆ ಸೀರೆ, ಗುಂಡಿಯಿಲ್ಲದ ಶರ್ಟು, ಜೋಡಿ ತಪ್ಪಿದ ಒಂದೇ ಕಾಲಿನ ಶೂ. ಅಲ್ಲಿದ್ದ ಒಬ್ಬ ಹುಡುಗಿ, ಕಾಲೇಜಿಗೆ ಹೋಗುವವಳು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು: 'ಅಂಕಲ್, ಒಳ ಉಡುಪು ಬೇಕು, ಪ್ಯಾಡ್ ಬೇಕು, ಟಾರ್ಚ್ ಬೇಕು. ಯಾರೂ ಕೇಳ್ಲೇ ಇಲ್ಲ.' ನಮ್ಮ ಲಾರಿಯಲ್ಲಿ ಆ ಮೂರೂ ಇರಲಿಲ್ಲ. ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಇಡೀ ಬಡಾವಣೆಯಲ್ಲಿ ಆ ಒಂದು ಫೋನ್ ಮಾಡುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ. ನನಗೂ ತೋಚಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪವನ್ನು ಹೊಡೆದಾಗ ಸ್ಯಾನ್ ವಾನ್ ಬಂದರಿನಲ್ಲಿ ಸಾವಿರಾರು ಕಂಟೇನರ್ ಸಾಮಾನು ಬಂದು ನಿಂತಿತ್ತು. ಒಳನಾಡಿಗೆ ಸಾಗಿಸಲು ಡ್ರೈವರ್‌ಗಳಿಲ್ಲ, ಡೀಸೆಲ್ ಇಲ್ಲ. ಡ್ರೈವರ್‌ಗಳನ್ನು ಕರೆಯೋಣ ಅಂದರೆ ಫೋನ್ ಇಲ್ಲ. ಒಂದು ವರ್ಷದ ಮೇಲೆ, ಸೇಬಾ ಎಂಬಲ್ಲಿ ರನ್‌ವೇ ಮೇಲೆ ಪೇರಿಸಿಟ್ಟ ನೀರಿನ ಬಾಟಲಿಗಳು ಹಾಗೇ ಬಿದ್ದಿದ್ದು ಎಲ್ಲರ ಕಣ್ಣಿಗೆ ಬಿತ್ತು. ಸತ್ತವರ ಸಂಖ್ಯೆ 64 ಅಂತ ದ್ವೀಪದ ಸರ್ಕಾರ ತಿಂಗಳುಗಟ್ಟಲೆ ಹೇಳಿತು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ ಕೊಟ್ಟ ಅಂದಾಜು 2,975. ಸರ್ಕಾರ ಅದನ್ನೇ ಒಪ್ಪಿಕೊಂಡಿತು. ಅರವತ್ತನಾಲ್ಕು ಎಲ್ಲಿ, ಮೂರು ಸಾವಿರ ಎಲ್ಲಿ! ಎಲ್ಲ ಸರ್ಕಾರಕ್ಕೆ ಬಿಡೋಣ ಅನ್ನುತ್ತೀರಲ್ಲ, ಇದು ಅಮೆರಿಕದ ಆಡಳಿತದ ದ್ವೀಪದ ಕಥೆ ಮಾರಾಯರೇ.

ಆ ದ್ವೀಪದಲ್ಲಿ ಜನ ಏನು ಮಾಡಿದರು ಗೊತ್ತಾ? ಗಾಳಿಗೆ ಹೆಚ್ಚುಕಮ್ಮಿ ಎಲ್ಲ ಸ್ಟೇಷನ್‌ಗಳೂ ಬಾಯಿ ಮುಚ್ಚಿದಾಗ ವಾಪಾ ರೇಡಿಯೊ ಅನ್ನುವ ಒಂದು ಹಳೇ ಎಎಂ ಸ್ಟೇಷನ್ ಮಾತಾಡುತ್ತಲೇ ಇತ್ತು. ಜನ ಅಲ್ಲಿಗೇ ಹೋದರು. ನಮ್ಮಮ್ಮ ಇಂಥ ಊರಿನಲ್ಲಿದ್ದಾಳೆ, ಯಾರಾದರೂ ನೋಡಿದ್ದೀರಾ ಅಂತ ಕೇಳಿದರು. ನಾವು ಚೆನ್ನಾಗಿದ್ದೇವೆ ಅಂತ ಅಣ್ಣನಿಗೆ ಹೇಳಿಬಿಡಿ ಅಂದರು. ಸ್ಟೇಷನ್ನಿನವರು ಅದನ್ನೆಲ್ಲ ಗಾಳಿಗೆ ಬಿಟ್ಟರು.

ನನ್ನ ತಲೆಮಾರಿನವರಿಗೆ ಇದು ಹೊಸದಲ್ಲ. ನಾನು ಬೆಳೆದದ್ದು ಹನುಮಂತನಗರದಲ್ಲಿ. ನಮ್ಮ ಬೀದಿಗೆಲ್ಲ ಒಂದೇ ಫೋನು, ಮೂಲೆ ಮನೆಯವರದು. ಬೀದಿಯವರೆಲ್ಲ ಅದೇ ನಂಬರನ್ನು ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಅಂತ ಬರೆಯುತ್ತಿದ್ದೆವು. ಮದುವೆ ಕಾಗದದಲ್ಲೂ ಅಚ್ಚು ಹಾಕಿಸುತ್ತಿದ್ದರು. ದೂರದೂರಿನಿಂದ ಟ್ರಂಕ್ ಕಾಲ್ ಬಂದರೆ ಮೂಲೆ ಮನೆಯ ಅಜ್ಜಿ ಮೊಮ್ಮಗನನ್ನು ಓಡಿಸುತ್ತಿದ್ದರು. ನಾವು ಹೋಗುವುದರೊಳಗೆ ಕಾಲ್ ಕಟ್ಟಾದರೆ ಅಜ್ಜಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಹಾಳೆಯ ಹಿಂದೆ ಸೀಸದ ಕಡ್ಡಿಯಲ್ಲಿ ಬರೆದಿಟ್ಟಿರುತ್ತಿದ್ದರು: ಯಾರು ಮಾಡಿದ್ದು, ಎಷ್ಟು ಗಂಟೆಗೆ, ಏನಂದರು. ತಮ್ಮ ಮಾತು ಒಂದನ್ನೂ ಸೇರಿಸುತ್ತಿರಲಿಲ್ಲ. ನಮ್ಮ ತಾತ ತೀರಿಕೊಂಡ ಸುದ್ದಿ ನಮ್ಮಪ್ಪನಿಗೆ ಬಂದಿದ್ದು ಆ ಕ್ಯಾಲೆಂಡರ್ ಹಾಳೆಯ ಹಿಂದಿನಿಂದ. ಅಜ್ಜಿ ಅಪ್ಪನ ಕೈಗೆ ಹಾಳೆ ಕೊಟ್ಟು, ಪಕ್ಕದಲ್ಲೇ ನಿಂತು, ನೀರಿನ ಲೋಟ ಹಿಡಿದಿದ್ದರು.

ನಿಮ್ಮ ಎರಡನೇ ಮಹಡಿಯಮ್ಮ ಮೂವತ್ತು ವರ್ಷ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು ಅಂದಿರಿ. ಕೇಳಿ ನನಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ.

ಈಗ ನೋಡಿ. ಕೈಯಲ್ಲಿ ಇಷ್ಟು ದೊಡ್ಡ ಫೋನ್ ಇದೆ, ಹೆಂಡತಿಯ ನಂಬರ್ ಬಾಯಲ್ಲಿ ಬರುವುದಿಲ್ಲ. ಚಾರ್ಜ್ ಮುಗಿದರೆ ಕಥೆ ಮುಗಿಯಿತು. ಎದುರು ಮನೆಯವರ ಹೆಸರು ಗೊತ್ತಿಲ್ಲ, ಬಾಗಿಲಿನ ನಂಬರ್ ಗೊತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಲ್ಲಿಸಿದರು, ನಿಲ್ಲಿಸಲಿ. ಆದರೆ ಟೆಲಿಗ್ರಾಂ ಕಲಿಸಿದ್ದ ಶಿಸ್ತು ಎಲ್ಲಿ ಹೋಯಿತು? ಅದರ ಮೇಲೆ ತಾರೀಖು, ಊರು, ಕಳಿಸಿದವರ ಹೆಸರು ಇರುತ್ತಿತ್ತು. ಇವತ್ತಿನ ಫಾರ್ವರ್ಡ್‌ಗೆ ಅಪ್ಪನೂ ಇಲ್ಲ ಅಮ್ಮನೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ನನ್ನ ಭಾವನ ತಾಯಿ ಅಲ್ಲಿ ಮುಡಿಚೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರ ವಿಳಾಸ ಹಾಕಿ 'ಅರ್ಜೆಂಟ್' ಅಂತ ಒಂದು ಮೆಸೇಜ್ ಬಿಟ್ಟೆವು. ಎರಡೇ ಗಂಟೆಯಲ್ಲಿ ದೋಣಿಯವರು ಕರೆದುಕೊಂಡು ಹೋದರು. ಆದರೆ ಆ ಮೆಸೇಜು ಸಾಯಲಿಲ್ಲ. ಮೂರನೇ ದಿನವೂ ಯಾರೋ ಹುಡುಗರು ಸೊಂಟದ ಮಟ್ಟದ ನೀರಿನಲ್ಲಿ ನಡೆದುಕೊಂಡು ಹೋಗಿ ಬೀಗ ಹಾಕಿದ ಆ ಮನೆ ಬಾಗಿಲು ಬಡಿದು ಬಂದರು. ಅಷ್ಟು ಹೊತ್ತಿನಲ್ಲಿ ಅವರು ಇನ್ಯಾರನ್ನೋ ಉಳಿಸಬಹುದಿತ್ತು. ನಾವು ಆ ಮೆಸೇಜಿಗೆ ಗಂಟೆ ಹಾಕಿರಲಿಲ್ಲ, 'ಸಿಕ್ಕಿದರು' ಅಂತ ಇನ್ನೊಂದು ಮೆಸೇಜೂ ಬಿಡಲಿಲ್ಲ. ಅದೇ ಪ್ರಳಯದಲ್ಲಿ ಡಿಸೆಂಬರ್ 2ರಂದು 'ದಿ ಹಿಂದೂ' ಪತ್ರಿಕೆ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಕೆಲಸಗಾರರು ಪ್ರೆಸ್ಸಿಗೆ ಹೋಗಲಾಗಲಿಲ್ಲ. 1878ರಿಂದ ಅಂಥದ್ದು ಆಗಿದ್ದು ಅದೇ ಮೊದಲು. ಪತ್ರಿಕೆಯೂ ಬಾರದ ದಿನ ಅಕ್ಕಪಕ್ಕದವರ ಮಾತೇ ಪತ್ರಿಕೆ, ಅಲ್ವಾ?

ಇನ್ನೊಂದು ಕೊರಗು ಹೇಳಿಬಿಡುತ್ತೇನೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ರೇಡಿಯೊ ಹವ್ಯಾಸಿ ತಮ್ಮ ತಂಡದೊಂದಿಗೆ ಪೋರ್ಟ್‌ಬ್ಲೇರ್‌ನಲ್ಲಿದ್ದರು. ಅಂಡಮಾನ್‌ನಲ್ಲಿ ಫೋನ್ ಸತ್ತಾಗ ಅವರ ರೇಡಿಯೊದಿಂದ ಎಷ್ಟೋ ಕುಟುಂಬಗಳಿಗೆ ಸುದ್ದಿ ಮುಟ್ಟಿತು. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆದು ಈ ಲೈಸೆನ್ಸ್ ಪಡೆಯಬಹುದು. ಬೆಂಗಳೂರಿನಲ್ಲಿ ಹಳೇ ಹ್ಯಾಮ್ ಕ್ಲಬ್ಬುಗಳೂ ಇವೆ. ಆದರೆ ಕೋಡಿಂಗ್ ಕ್ಲಾಸಿಗೆ ಸಾವಿರಗಟ್ಟಲೆ ಫೀಸು ಕಟ್ಟುವ ನಾವು ಮಕ್ಕಳಿಗೆ ಇಂಥದ್ದೊಂದು ಇದೆ ಅಂತ ಹೇಳುವುದೇ ಇಲ್ಲ. ಆಕಾಶವಾಣಿ ಅಂತ ಹೆಸರಿಟ್ಟು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಶುರುಮಾಡಿದ ಗೋಪಾಲಸ್ವಾಮಿಯವರ ನಾಡು ಇದು! ಮನೆಯಲ್ಲಿ ಬ್ಯಾಟರಿ ರೇಡಿಯೊ ಇಟ್ಟುಕೊಂಡವರು ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಜನ? ಒಮ್ಮೆ ಎಣಿಸಿ.

ಹಾಗಾಗಿ ಗ್ರೂಪ್ ಮಾಡಿ. ಐದು ಬೇಡ, ಒಂದೇ ಸಾಕು. ಅದರಲ್ಲಿ ಎರಡನೇ ಮಹಡಿಯಮ್ಮ ಮತ್ತು ಅವರು ಹೇಳಿದ ಇಬ್ಬರು ಮಾತ್ರ ಬರೆಯಲಿ, ಉಳಿದವರು ಓದಲಿ. ಅಲ್ಲಿಗೂ ನಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಅವರು ಮಲಗಿದಾಗ ನೀವು ಎದ್ದಿರುತ್ತೀರಿ. ಇದನ್ನು ಕಷ್ಟ ಅಂದುಕೊಳ್ಳಬೇಡಿ, ಒಳ್ಳೇ ಅನುಕೂಲ. ಅಲ್ಲಿ ದುಡಿದು ದಣಿದವರು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಪಟ್ಟಿಯನ್ನು ಸರಿಮಾಡಿಡುವ ಕೆಲಸ ವಿಜಯನಗರದ್ದು. ಸ್ವೆಟರ್ ಬೇಡ.

ಕೊನೆಗೆ ನಿಮ್ಮಿಂದ ನನಗೊಂದು ಉಪಕಾರ ಆಗಬೇಕು. ಆಕೆಯನ್ನು ಕೇಳಿ ಆ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕಳಿಸಿ. ಹೆಸರು, ನಂಬರ್ ಮುಚ್ಚಿಯೇ ಅಚ್ಚು ಹಾಕುತ್ತೇವೆ. ಸ್ಕೇಲ್ ಇಟ್ಟು ಎಳೆದ ಐದು ಕಾಲಂ ಇದೆ ಅಂದಿರಿ: ಯಾರು, ಎಲ್ಲಿ, ಯಾರು ನೋಡಿದರು, ಅಲ್ಲಿ ಎಷ್ಟು ಗಂಟೆ, ಇಲ್ಲಿ ಎಷ್ಟು ಗಂಟೆ. ನಿಮ್ಮ ಮಗಳ ಹೆಸರಿನ ಮುಂದೆ ನಾಲ್ಕನೇ ದಿನ ಬೆಳಗಿನ ಜಾವ ಕೆಂಪು ಇಂಕಿನಲ್ಲಿ ಒಂದು ಟಿಕ್ ಹಾಕಿ, ನಿಮ್ಮನ್ನು ಎಬ್ಬಿಸಲು ಮೆಟ್ಟಿಲು ಹತ್ತಿ ಬಂದರಂತಲ್ಲ, ಆ ಪುಟವೇ ಬೇಕು.

— ಸಂ.