ಅಜ್ಜಿ ಅವರೆಕಾಯಿ ಬಿಡಿಸೋದು ನಿಲ್ಲಿಸಿದ್ದು ಯಾವಾಗ?

ತಿಪಟೂರು ಕಡೆಯ ಓದುಗರೊಬ್ಬರು ಬರೆದಿರೋ ಆರು ಪುಟದ ಕಾಗದ ಈ ಸಲ ನನ್ನ ಟೇಬಲ್ ಮೇಲಿದೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಬಿ.ಕಾಂ ಓದಿ ಸೊಸೈಟಿಯಲ್ಲಿ ಲೆಕ್ಕ ಬರೀತಾರೆ, ಐದಾರು ವರ್ಷದಿಂದ ನೋಡಿದ ಸಿನಿಮಾ, ಸೀರಿಯಲ್ಲು, ಓದಿದ ಕಾದಂಬರಿ, ಅಟ್ಟದಲ್ಲಿ ಸಿಕ್ಕ ಹಳೇ ಕಾಮಿಕ್ಸು, ಎಲ್ಲದ್ರ ಬಗ್ಗೆನೂ ಒಂದು ನೋಟ್‌ಬುಕ್ಕಲ್ಲಿ ಬರ್ದಿಡ್ತಾರೆ. ಅದ್ರಲ್ಲಿ ನಾಕು ವಿಮರ್ಶೆ ನಮ್ಮ ಪತ್ರಿಕೆಗೆ ಕಳಿಸಿದ್ರು, ನಾವು ಹಾಕ್ಲಿಲ್ಲ. ಈಗ ಕೇಳ್ತಿದಾರೆ: "ಸರ್, ಯಾಕೆ ಹಾಕ್ಲಿಲ್ಲ ಅಂತ ನೇರವಾಗಿ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ. ನಮ್ಮ ದೊಡ್ಡಪ್ಪನ ಮಗ 'ನೀನು ಒಂದು ಸೀನಾದ್ರೂ ತೆಗ್ದಿದ್ಯಾ, ನಿಂಗ್ಯಾಕೆ ವಿಮರ್ಶೆ' ಅಂತಾನೆ. ನನ್ನಂಥೋರಿಗೆ ಬರೆಯೋ ಅರ್ಹತೆ ಇದ್ಯಾ? ಸ್ಟಾರ್ ಕೊಡ್ಬೇಕಾ? ಕಥೆ ಎಷ್ಟು ಹೇಳ್ಬೇಕು?"

ನೇರವಾಗೇ ಹೇಳ್ತೀನಿ. ನಿಮ್ಮ ನಾಕೂ ಬರಹ ಎರಡೆರಡು ಸಲ ಓದಿದೀನಿ. 'ತಿಥಿ' ಸಿನಿಮಾ ಬಗ್ಗೆ ಬರ್ದಿರೋದು ಮೂರು ಪುಟ, ಅದ್ರಲ್ಲಿ ಎರಡೂವರೆ ಪುಟ ಬರೀ ಕಥೆ. ಸೆಂಚುರಿ ಗೌಡ 101 ವರ್ಷಕ್ಕೆ ತೀರ್ಕೊಂಡ, ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರೋ ಆತುರ, ಮಗ ಗಡ್ಡಪ್ಪ ಯಾವುದಕ್ಕೂ ತಲೆ ಕೆಡಿಸ್ಕೊಳ್ದೆ ಹೊಲಗದ್ದೆ ಸುತ್ಕೊಂಡಿದಾನೆ, ಮರಿಮಗ ಅಭಿ ಕುರಿ ಕಾಯೋ ಹುಡುಗಿ ಹಿಂದೆ ಬಿದ್ದಿದಾನೆ, ಹನ್ನೊಂದನೇ ದಿನಕ್ಕೆ ತಿಥಿ, ಹೀಗೆ ಶುರುವಿಂದ ಕೊನೆ ತನಕ. ಉಳಿದ ಅರ್ಧ ಪುಟದಲ್ಲಿ "ನಟನೆ ಸಹಜವಾಗಿದೆ, ಛಾಯಾಗ್ರಹಣ ಕಣ್ಣಿಗೆ ಹಬ್ಬ, ಎಲ್ಲರೂ ನೋಡಲೇಬೇಕಾದ ಚಿತ್ರ". ಈ ಮೂರು ಮಾತು ಕಿತ್ತು ಬೇರೆ ಯಾವ ಸಿನಿಮಾ ಕೆಳಗೆ ಅಂಟಿಸಿದ್ರೂ ಅಂಟ್ಕೊಳ್ಳುತ್ತೆ. ಅದಕ್ಕೇ ಹಾಕ್ಲಿಲ್ಲ, ಬೇರೆ ಕಾರಣ ಏನೂ ಇಲ್ಲ.

ನಟನೆ ಸಹಜವಾಗಿದೆ ಅಂದ್ರಲ್ಲ, ಅಲ್ಲೇ ನೀವು ನಿಲ್ಬೇಕಿತ್ತು. ಅದ್ರಲ್ಲಿ ಇರೋರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಸುತ್ತಮುತ್ತಲ ಹಳ್ಳಿ ಜನ, ಕ್ಯಾಮೆರಾ ಮುಂದೆ ನಿಂತು ಅಭ್ಯಾಸ ಇಲ್ಲದೋರು, ಆ ಸಿನಿಮಾ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ತನಕ ಹೋಗಿ ಪ್ರಶಸ್ತಿ ತಗೊಂಡು ಬಂತು. ಸರಿ, ಆ ಸಹಜ ಅನ್ನೋದು ಪರದೆ ಮೇಲೆ ಎಲ್ಲಿ ಕಾಣುತ್ತೆ? ಗಡ್ಡಪ್ಪ ಕುರಿಯವರ ಜೊತೆ ರಾತ್ರಿ ಬೆಂಕಿ ಹತ್ರ ಕೂತು ತನ್ನ ಹಳೇ ಸಂಕಟ ಒಂದನ್ನ ಹೇಳ್ತಾನಲ್ಲ, ಆ ಸೀನ್ ಇನ್ನೊಂದ್ಸಲ ನೋಡಿ. ಎಂಥಾ ಮಾತು ಅದು, ಬೇರೆ ಸಿನಿಮಾದಲ್ಲಾದ್ರೆ ಅಳು, ಮಳೆ, ಪಿಟೀಲು ಎಲ್ಲಾ ಬಂದ್ಬಿಡ್ತಿತ್ತು, ಇಲ್ಲಿ ಆ ಮನುಷ್ಯ ಪಕ್ಕದೂರಿನ ಸಂತೆ ವಿಷಯ ಹೇಳೋ ಹಾಗೆ ಹೇಳಿ ಮುಗಿಸ್ತಾನೆ. ಅಲ್ಲಿ ತನಕ ಇವನ್ಯಾಕೆ ಹೀಗೆ ಮನೆ ಮಠ ಬಿಟ್ಟು ಅಲೀತಾನೆ ಅಂತ ನಗ್ತಾ ಇದ್ದ ನಾನು ಅಲ್ಲಿಗೆ ಸುಮ್ನಾದೆ. ಏನು ಹೇಳ್ತಾನೆ ಅಂತ ನಾನಿಲ್ಲಿ ಬರೀಲಿಲ್ಲ ಗಮನಿಸಿ, ಆದ್ರೂ ಆ ಸೀನ್ ಬಗ್ಗೆ ನಿಮಗೆ ಏನೋ ಒಂದು ತಲುಪ್ತು ತಾನೇ? ಕಥೆ ಎಷ್ಟು ಹೇಳ್ಬೇಕು ಅನ್ನೋ ಪ್ರಶ್ನೆಗೆ ಉತ್ತರ ಅಷ್ಟೇ.

ಈಗ ಅರ್ಹತೆ ವಿಷಯ. ನಿಮ್ಮ ದೊಡ್ಡಪ್ಪನ ಮಗನಿಗೆ ಹೆಗ್ಗೋಡಿನ ಕಥೆ ಹೇಳಿ. ಸಾಗರದ ಹತ್ರದ ಸಣ್ಣ ಊರು, ಸುತ್ತ ಅಡಿಕೆ ತೋಟ. ಕೆ.ವಿ. ಸುಬ್ಬಣ್ಣನವರು ಅಲ್ಲಿ ನಾಟಕದ ಜೊತೆಗೆ 1973ರಲ್ಲಿ ನೀನಾಸಂ ಚಿತ್ರಸಮಾಜ ಅಂತ ಶುರು ಮಾಡಿ ಸತ್ಯಜಿತ್ ರಾಯ್ ಸಿನಿಮಾ, ಜಪಾನಿನ ಕುರೊಸಾವಾ ಸಿನಿಮಾ ಎಲ್ಲಾ ಹಳ್ಳಿ ಜನಕ್ಕೆ ತೋರಿಸಿದ್ರು, ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಅವರನ್ನ ಕರೆಸಿ ಸಿನಿಮಾ ಹೇಗೆ ನೋಡೋದು ಅಂತ ಶಿಬಿರ ಮಾಡಿಸಿದ್ರು. ಜಪಾನಿ ಭಾಷೆ ಬರುತ್ತಾ, ಕ್ಯಾಮೆರಾ ಹಿಡಿದಿದೀರಾ ಅಂತ ಅಲ್ಲಿ ಯಾರೂ ಬಾಗಿಲಲ್ಲಿ ನಿಲ್ಲಿಸಿ ಕೇಳ್ಲಿಲ್ಲ. ನೋಡೋದೂ ಒಂದು ಕೆಲಸ, ಮಾಡ್ತಾ ಮಾಡ್ತಾ ಬರುತ್ತೆ ಅನ್ನೋ ನಂಬಿಕೆ ಮೇಲೆ ನಡೆದಿದ್ದು ಅದು. ನಾನೂ ಅದನ್ನೇ ನಂಬಿರೋನು. ನೀವು ಐದಾರು ವರ್ಷದಿಂದ ಯಾರೂ ಕೇಳ್ದೆ, ಯಾರೂ ದುಡ್ಡು ಕೊಡ್ದೆ ನೋಟ್‌ಬುಕ್ ತುಂಬಿಸ್ತಾ ಇದೀರಲ್ಲ, ಅದಕ್ಕಿಂತ ಬೇರೆ ಸರ್ಟಿಫಿಕೇಟ್ ನನಗೆ ಬೇಡ.

ಆದ್ರೆ ಅರ್ಹತೆ ಇದೆ ಅಂದ ಮಾತ್ರಕ್ಕೆ ಹೊಣೆ ಇಲ್ಲ ಅಂತಲ್ಲ. ಇದು ನನಗೆ ಹೇಗೆ ಗೊತ್ತಾಯ್ತು ಅಂತ ಹೇಳ್ತೀನಿ. ನಾನು ಬರೆಯೋಕೆ ಶುರು ಮಾಡಿದ ಕಾಲಕ್ಕೆ ಒಂದು ಸಿನಿಮಾ ನೋಡ್ಕೊಂಡು ಬಂದು "ರಾತ್ರಿ ದೃಶ್ಯಗಳಲ್ಲಿ ಮುಖವೇ ಕಾಣಲ್ಲ, ಕ್ಯಾಮೆರಾಮನ್‌ಗೆ ಬೆಳಕಿನ ಗಂಧಗಾಳಿ ಇಲ್ಲ" ಅಂತ ಬರೆದೆ, ಅಚ್ಚಾಯ್ತು. ಆರು ತಿಂಗಳಾದ್ಮೇಲೆ ಬೇರೆ ಊರಲ್ಲಿ ಅದೇ ಸಿನಿಮಾ ಅಕಸ್ಮಾತ್ ನೋಡಿದ್ರೆ ಲಾಟೀನು ಬೆಳಕಲ್ಲಿ ಅಮ್ಮನ ಮೂಗುತಿ ಹೊಳೆಯೋದು ಸಹ ಕಾಣ್ತಿದೆ! ಆಪರೇಟರ್ ರೂಮಿಗೆ ಹೋಗಿ ಕೇಳಿದೆ. ಆಗೆಲ್ಲ ಪ್ರೊಜೆಕ್ಟರ್ ಒಳಗೆ ಎರಡು ಕಾರ್ಬನ್ ಕಡ್ಡಿ ಎದುರುಬದುರು ಉರಿದು ಬೆಳಕು ಬರ್ತಿತ್ತು, ಉರೀತಾ ಉರೀತಾ ಕಡ್ಡಿ ಸವೆದು ನಡುವೆ ಸಂದು ಜಾಸ್ತಿ ಆಗುತ್ತೆ, ಆಪರೇಟರ್ ಆಗಾಗ ಹತ್ರ ತರ್ತಾ ಇರ್ಬೇಕು, ಇಲ್ಲಾಂದ್ರೆ ಪರದೆ ಮಂಕಾಗುತ್ತೆ. ಕಡ್ಡಿ ಉಳಿಸೋಕೆ ಕರೆಂಟ್ ಕಮ್ಮಿ ಕೊಟ್ಟು ಓಡಿಸೋ ಟಾಕೀಸೂ ಇದಾವೆ ಅಂದ್ರು ಆ ಆಪರೇಟರ್. ಅಂದ್ರೆ ನಾನು ಬೈದಿದ್ದು ಒಂದು ಟಾಕೀಸಿನ ಕಡ್ಡಿಗೆ, ಪೆಟ್ಟು ಬಿದ್ದಿದ್ದು ಆ ಕ್ಯಾಮೆರಾಮನ್‌ಗೆ. ಮುಂದಿನ ಸಂಚಿಕೆಯಲ್ಲಿ ತಪ್ಪಾಯ್ತು ಅಂತ ನಾಕು ಸಾಲು ಹಾಕಿದ್ವಿ, ಅದು ಆತ ಓದಿದ್ರೋ ಇಲ್ವೋ, ಆ ವಿಷಯ ಇವತ್ತಿಗೂ ನನ್ನ ಮನಸ್ಸಿಂದ ಹೋಗಿಲ್ಲ. ನೀವೀಗ ಮೊಬೈಲಲ್ಲಿ ನೋಡ್ತೀನಿ ಅಂತ ಬರ್ದಿದೀರ, ತಪ್ಪೇನಿಲ್ಲ, ಆದ್ರೆ ಬ್ಯಾಟರಿ ಉಳಿಸೋಕೆ ಬ್ರೈಟ್‌ನೆಸ್ ಇಳಿಸ್ಕೊಂಡು, ಬಸ್ಸಲ್ಲಿ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕ್ಕೊಂಡು ನೋಡಿದ್ರೆ ಬೆಳಕು ಸದ್ದಿನ ಬಗ್ಗೆ ತೀರ್ಪು ಕೊಡ್ಬೇಡಿ. ಎಲ್ಲಿ ನೋಡಿದ್ರಿ ಹೇಗೆ ನೋಡಿದ್ರಿ ಅಂತ ಒಂದು ಸಾಲು ಬರೀರಿ, ಓದೋರಿಗೂ ಅನುಕೂಲ.

'ನಾಗರಹಾವು' ಬಗ್ಗೆ ನಿಮ್ಮ ದೂರು ಏನಂದ್ರೆ ಸಿನಿಮಾ ಕಾದಂಬರಿ ಹಾಗಿಲ್ಲ, ಹಾಗಾಗಿ ಸೋತಿದೆ ಅಂತ. ಈ ದೂರಲ್ಲಿ ನಿಮ್ಮ ಜೊತೆಗೆ ದೊಡ್ಡೋರೇ ಇದಾರೆ, ಕಾದಂಬರಿ ಬರೆದ ತರಾಸು ಅವರಿಗೇ ಸಿನಿಮಾ ಹಿಡಿಸ್ಲಿಲ್ಲ, ನಾಗರಹಾವನ್ನ ಕೇರೆಹಾವು ಮಾಡ್ಬಿಟ್ರು ಅಂದ್ರು ಅಂತ ಜನ ಇವತ್ತಿಗೂ ಹೇಳ್ತಾರೆ. ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದು ಸಿನಿಮಾ ಮಾಡಿದಾಗ ಎಷ್ಟೋ ಬಿಟ್ಟು ಹೋಗಿರುತ್ತೆ, ನಿಜ. ಬರೆದೋರಿಗೆ ನೋವಾಗೋದೂ ನ್ಯಾಯ. ಆದ್ರೆ ನೀವು ಬರೆದೋರಲ್ಲ, ಎರಡನ್ನೂ ಎದುರಿಗಿಟ್ಕೊಂಡು ನೋಡೋರು. ಏನು ಬಿಟ್ರು ಅಂತ ಪಟ್ಟಿ ಮಾಡಿದೀರಿ, ಏನು ಸೇರ್ತು ಅಂತ ಒಂದು ಸಾಲೂ ಇಲ್ಲ. 'ಬಾರೆ ಬಾರೆ' ಹಾಡು ಸ್ಲೋ ಮೋಷನ್ನಲ್ಲಿ ತೆಗೆದಿದ್ದು, ಆಗಿನ ನಮ್ಮ ಜನಕ್ಕೆ ಅದು ಹೊಸದು. ಅವಸರದ ಹುಡುಗ ರಾಮಾಚಾರಿ, ಎಲ್ಲದಕ್ಕೂ ದುಡುಕೋನು, ಅವನು ಪ್ರೀತಿಯಲ್ಲಿ ಬಿದ್ದಾಗ ಮಾತ್ರ ಕಾಲವೇ ನಿಧಾನ ಆಗುತ್ತೆ. ಪುಟದ ಮೇಲೆ ಈ ಕೆಲಸ ಆಗಲ್ಲ. ಕಾದಂಬರಿ ಮನಸ್ಸಿನ ಒಳಗೆ ಹೋಗಿ ಹೇಳೋದನ್ನ ಸಿನಿಮಾ ಚಿತ್ರದುರ್ಗದ ಬಂಡೆ, ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರ ಮುಖ ಇವುಗಳಿಂದ ಹೇಳ್ಬೇಕು, ಹೇಳ್ತಾ ಇಲ್ವಾ ಅಂತ ನೋಡಿ. ಆಮೇಲೂ ಸೋತಿದೆ ಅನ್ನಿಸಿದ್ರೆ ಧಾರಾಳವಾಗಿ ಬರೀರಿ, ಅಚ್ಚು ಹಾಕ್ತೀನಿ.

ಕಾಮಿಕ್ಸ್ ವಿಮರ್ಶೆ ಕಳಿಸಿದ್ದು ನೋಡಿ ನನಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ನಮ್ಮಲ್ಲಿ ಅದನ್ನ ಯಾರೂ ಬರೆಯೋದೇ ಇಲ್ಲ, ಮಕ್ಕಳ ಪುಸ್ತಕ ಅಂತ ಬದಿಗಿಡ್ತಾರೆ. ಅಮರ ಚಿತ್ರಕಥೆಯ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದೋರು. ನೀವು ಬರೆದಿರೋ ಆ ಸರಣಿಯ 'ಕೃಷ್ಣ' ಪುಸ್ತಕದ ನಂಬರ್ 11 ಇರೋದು ಯಾಕೆ ಗೊತ್ತಾ, ಅದಕ್ಕಿಂತ ಮೊದ್ಲು ಬಂದ ಹತ್ತು ಪುಸ್ತಕ ಸಿಂಡ್ರೆಲ್ಲಾ ಥರದ ಹೊರದೇಶದ ಕಥೆಗಳು, ಅವು ಬಂದಿದ್ದು ಕನ್ನಡದಲ್ಲಿ. ಆದ್ರೆ ನೀವು ಆ ಹಳೇ ಪುಸ್ತಕದ ಬಗ್ಗೆ ಬರೀವಾಗ ಚಿತ್ರದ ಬಗ್ಗೆ ಬರ್ದೇ ಇಲ್ಲ, ಕೃಷ್ಣನ ಕಥೆ ಯಾರಿಗೆ ಗೊತ್ತಿಲ್ಲ ಹೇಳಿ? ಪುಸ್ತಕ ಮತ್ತೆ ಬಿಚ್ಚಿ. ಮಾತಿನ ಗುಳ್ಳೆ ನೋಡಿ. ಬೇರೆ ಭಾಷೆಗೆ ಅಂತ ಬರೆದ ಗುಳ್ಳೆಯೊಳಗೆ ಕನ್ನಡ ಕೂರಿಸ್ಬೇಕಾದ್ರೆ ನಮ್ಮ ಪದ ಉದ್ದ, ಸಾಲದ್ದಕ್ಕೆ ಒತ್ತಕ್ಷರ ಕೆಳಗೆ ಇಳಿಯುತ್ತೆ, ಎರಡು ಸಾಲಿನ ನಡುವೆ ಜಾಗ ಬೇಕು, ಹಾಗಾಗಿ ಅಕ್ಷರ ಸಣ್ಣದಾಗುತ್ತೆ ಇಲ್ಲಾ ಮಾತೇ ಮೊಟಕಾಗುತ್ತೆ. ಕಂಸ ಗರ್ಜಿಸೋ ಮಾತು ಇರುವೆ ಸಾಲಿನಷ್ಟು ಸಣ್ಣಕ್ಕಿದ್ರೆ ಗರ್ಜನೆ ಎಲ್ಲಿಂದ ಕೇಳ್ಬೇಕು? ಇದನ್ನ ಕನ್ನಡದಲ್ಲಿ ಓದೋ ನೀವೇ ಬರೀಬೇಕು, ಬೇರೆ ಯಾರ ಕಣ್ಣಿಗೂ ಇದು ಬೀಳಲ್ಲ.

ನಾಕನೇದು ಸೀರಿಯಲ್ಲು. ಇದನ್ನ ನೀವೇ "ಸುಮ್ನೆ ಬರೆದಿದ್ದು, ಬೇಕಾದ್ರೆ ಬಿಸಾಕಿ" ಅಂದಿದೀರಿ. ನಾಕರಲ್ಲಿ ಚೆನ್ನಾಗಿರೋದು ಇದೇ. ಇದ್ರಲ್ಲೂ ಮುಕ್ಕಾಲು ಭಾಗ ಕಥೆನೇ, ಆದ್ರೆ ನಡುವೆ ಒಂದು ಸಾಲಿದೆ: "ನಮ್ಮಜ್ಜಿ ಅವರೆಕಾಯಿ ಬಿಡಿಸ್ತಾ ಸೀರಿಯಲ್ ನೋಡ್ತಾರೆ, ಕೈ ನಿಲ್ಲೋದೇ ಇಲ್ಲ, ಸೊಸೆ ಎದುರುತ್ತರ ಕೊಟ್ಟಾಗ ಮಾತ್ರ ನಿಲ್ಲುತ್ತೆ." ನಾನು ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದೀನಿ. ದಿನಾ ಅರ್ಧ ಗಂಟೆ, ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ನಮ್ಮ ಮನೆಗಳಲ್ಲಿ ಓಡೋದು ಸೀರಿಯಲ್ಲು, ಆದ್ರೆ ಶುಕ್ರವಾರ ಬಂದು ಮುಂದಿನ ಶುಕ್ರವಾರ ಎತ್ತಂಗಡಿ ಆಗೋ ಸಿನಿಮಾಗೆ ಸಿಗೋ ವಿಮರ್ಶೆಯ ಹತ್ತರಲ್ಲಿ ಒಂದು ಭಾಗ ಇದಕ್ಕೆ ಸಿಗಲ್ಲ. 1998ರಲ್ಲಿ ಚಂದನದಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರ್ತಿದ್ದಾಗ ಜಗಲಿ ಮೇಲೆ, ಬಸ್‌ಸ್ಟಾಂಡಲ್ಲಿ ಜನ ಅದ್ರ ಬಗ್ಗೆ ಆಡ್ತಿದ್ದ ಮಾತೇ ಬೇಕಾದಷ್ಟಿತ್ತು, ಅದನ್ನ ಬರ್ದಿಟ್ಟೋರು ಕಮ್ಮಿ. ಸಂಬಳದ ವಿಮರ್ಶಕರು ಒಂದು ಸೀರಿಯಲ್ಲನ್ನ ಎಂಟು ತಿಂಗಳು ಕೂತು ನೋಡೋಕಾಗಲ್ಲ, ಅವರ ಕೆಲಸ ಹಂಗಿಲ್ಲ. ನೀವು ನೋಡ್ತಿದೀರಿ, ಅಜ್ಜಿ ಪಕ್ಕ ಕೂತು. ಒಂದು ಬೈಗುಳಕ್ಕೆ ಐದು ಜನರ ಮುಖ ಮೂರು ಮೂರು ಸಲ ತೋರಿಸ್ತಾರಲ್ಲ, ಎಪಿಸೋಡ್ ಎಳೆಯೋಕೆ ಅಂತ ನಾವೆಲ್ಲ ಬೈಕೊಳ್ತೀವಿ, ಆದ್ರೆ ಅಡುಗೆಮನೆಯಿಂದ ಸೌಟು ಹಿಡ್ಕೊಂಡು ಓಡಿ ಬಂದೋರಿಗೆ ಏನಾಯ್ತು ಅಂತ ಸಿಗೋದು ಆ ಮೂರನೇ ಸಲದಲ್ಲೇ ಅಂತ ನಿಮ್ಮ ಬರಹ ಓದಿದ್ಮೇಲೆ ನನಗೆ ಹೊಳೀತು. ಇದು ಸರಿನಾ ತಪ್ಪಾ, ನಿಮ್ಮನೆ ಹಾಲಲ್ಲಿ ಒಂದು ವಾರ ಕೂತು ನೋಡಿ ನೀವೇ ಹೇಳಿ.

ಉಳಿದಿದ್ದು ಬೇಗ ಹೇಳ್ತೀನಿ. ಸ್ಟಾರ್ ನಮ್ಮ ಪತ್ರಿಕೆಯಲ್ಲಿ ಹಾಕಲ್ಲ, ನೀವೂ ನೋಟ್‌ಬುಕ್ಕಲ್ಲಿ ಹಾಕೋದು ನಿಲ್ಸಿ, ಮೂರೂವರೆ ಅಂತ ಬರೆದ ಕೂಡ್ಲೆ ಯೋಚ್ನೆ ಅಲ್ಲಿಗೇ ನಿಲ್ಲುತ್ತೆ. ಫ್ಯಾನ್ಸ್ ಬೈತಾರೆ ಅನ್ನೋ ಭಯ ಬರ್ದಿದೀರಿ, ಬೈತಾರೆ, ಆದ್ರೆ ನೀವು ನಟನ ಮೈಬಣ್ಣ, ಮನೆ, ಮದುವೆ ಬಗ್ಗೆ ಒಂದಕ್ಷರ ಬರೀದೆ ಪರದೆ ಮೇಲೆ ಮಾಡಿದ್ದನ್ನ ಮಾತ್ರ ಬರ್ದಿದ್ರೆ ನಿಮ್ಮ ಪರವಾಗಿ ನಾನು ನಿಲ್ತೀನಿ. "ಅದ್ಭುತ", "ಮನೋಜ್ಞ", "ಕಣ್ಣಿಗೆ ಹಬ್ಬ" ಈ ಮೂರು ಪದ ಒಂದು ವರ್ಷ ಮುಟ್ಬೇಡಿ. ನೋಡಿದ ದಿನ ರಾತ್ರಿನೇ, ಮಲಗೋಕೆ ಮುಂಚೆ, ಕಣ್ಣಲ್ಲಿ ನಿಂತಿರೋ ಒಂದೇ ಒಂದು ದೃಶ್ಯನ ಹಾಗೇ ಬರ್ದಿಡಿ, ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನೋದು ಎರಡು ದಿನ ಬಿಟ್ಟು.

ಸೀರಿಯಲ್ ಬರಹನ ಬಿಸಾಕಿಲ್ಲ, ಈ ಸಂಚಿಕೆ ಜೊತೆಗೇ ನಿಮಗೆ ವಾಪಸ್ ಕಳಿಸ್ತಾ ಇದೀನಿ. ಕಥೆ ಪೂರ್ತಿ ತೆಗ್ದು, ಅಜ್ಜಿ ಸಾಲಿಂದ ಶುರು ಮಾಡಿ ಇನ್ನೊಂದ್ಸಲ ಬರೀರಿ, ಎರಡು ಪುಟ ಸಾಕು. ಒಂದು ವಿಷಯ ಮಾತ್ರ ಅದ್ರಲ್ಲಿಲ್ಲ, ಸೊಸೆ ಆಡಿದ ಯಾವ ಮಾತಿಗೆ ಅಜ್ಜಿ ಕೈ ನಿಂತಿದ್ದು, ನಿಂತಾಗ ಸೊಸೆ ಕಡೆ ನೋಡ್ತಿದ್ರಾ ಅತ್ತೆ ಕಡೆನಾ. ಅಜ್ಜಿನೇ ಕೇಳಿ, ಅವರು ಏನಂದ್ರೋ ಅದನ್ನ ಅವರ ಮಾತಲ್ಲೇ ಬರ್ದು ಕಳಿಸಿ.